ಹುಳುಮನೆಯ ಹೊರಗೆ ನಿಂತವಳು

ಮೊನ್ನೆ ರಾಮನಗರದ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಹುಡುಗಿಯರನ್ನು ಕಂಡೆ. ಬೆಟ್ಟ ಹತ್ತಲು ಬಂದವರು. ಬೆನ್ನ ಮೇಲೆ ತಲೆಗಿಂತ ಎತ್ತರದ ಚೀಲ. ಒಂದು ಚೀಲ ಕಡುನೀಲಿ, ಅದರ ಪಟ್ಟಿಗೆ ಒದ್ದೆ ಟವೆಲ್ ಕಟ್ಟಿತ್ತು... ನೋಡಿ ಖುಷಿಯಾಗುವ ಬದಲು ಮೈಯೆಲ್ಲ ಉರಿದುಹೋಯಿತು. ಪಾಪ, ಆ ಹುಡುಗಿಯರದೇನೂ ತಪ್ಪಿಲ್ಲ. ಅಂಥದ್ದೇ ಚೀಲವೊಂದನ್ನು ತಿಪ್ಪೆಗೆ ಎಸೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅದು ನನ್ನ ಗೆಳತಿಯದು. ದೊಡ್ಡಆಲಹಳ್ಳಿ ಕಡೆಯವಳು, ಕಾಲೇಜಿನಿಂದ ಜೊತೆ. ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಓದು ಮುಗಿದ ವರ್ಷ ಇಬ್ಬರೂ ಚೀಲ ಹೊತ್ತು ಉತ್ತರಕ್ಕೆ ಹೊರಟೆವು. ಜೈಪುರ, ಅಮೃತಸರ, ಅಲ್ಲಿಂದ ಹಿಮಾಚಲ. ನಾನು ಹೋದಲ್ಲೆಲ್ಲ ಒಳ್ಳೆ ಕಾಫಿ ಸಿಗಲಿಲ್ಲವೆಂದು ಗೊಣಗುವವಳು. ಅವಳು ಬಸ್ಸಿನಲ್ಲಿ ಪಕ್ಕದವರ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು, ಬಾರದ ಹಿಂದಿಯಲ್ಲೇ ತನ್ನೂರಿನ ಪುರಾಣ ಹೇಳುವವಳು.

ಹಿಮಾಚಲದ ಹಳ್ಳಿಯೊಂದರಲ್ಲಿ ಅವಳು ಒಂದು ದೊಡ್ಡ ಮರದ ಕೆಳಗೆ ನಿಂತುಬಿಟ್ಟಳು. ಬಾಯೆಲ್ಲ ಹಣ್ಣಿನ ಬಣ್ಣ.

"ನೋಡಮ್ಮಿ, ಇದು ನಮ್ ಹಿಪ್ನೇರಳೆನೇ ಕಣೆ! ಸೊಂಟಕ್ಕೆ ಬರೋದ್ರೊಳಗೆ ಕುಯ್ತಾನೇ ಇರ್ತೀವಲ್ಲ, ಮರ ಆಯ್ತದೆ ಅಂತಾನೇ ಗೊತ್ತಿರ್ಲಿಲ್ಲ."

ಅದೇ ಹಳ್ಳಿಯ ಶಾಲೆಯಲ್ಲಿ ಅವಳಿಗೆ ಇಂಗ್ಲಿಷಿನಲ್ಲಿ ವಿಜ್ಞಾನ ಪಾಠ ಮಾಡುವ ಕೆಲಸ ಕೊಡುತ್ತೇವೆಂದರು. ಅವಳು ಒಪ್ಪಿಕೊಂಡೂಬಿಟ್ಟಳು. ಊರಿಗೆ ಹೋಗಿ, ಹುಳು ಗೂಡು ಕಟ್ಟುವ ತನಕ ಮನೆಯವರಿಗೆ ನೆರವಾಗಿ, ಆಮೇಲೆ ವಾಪಸು ಬರುವುದೆಂದು ಮಾತಾಯಿತು.

ಊರಿಗೆ ಬಂದಾಗ ನಾನೂ ಅವಳ ಜೊತೆಗಿದ್ದೆ. ಅಷ್ಟರಲ್ಲಿ ಹುಳುಗಳು ಕೊನೆಯ ಸಲ ಪೊರೆ ಬಿಟ್ಟು ಎದ್ದಿದ್ದವು. ಇನ್ನು ಸೊಪ್ಪು ಎಷ್ಟು ಹಾಕಿದರೂ ಸಾಲದು. ಹೊರಗಿನಿಂದ ಬಂದವರು ಸ್ನಾನ ಮಾಡದೆ ಹುಳುಮನೆಗೆ ಕಾಲಿಡುವಂತಿಲ್ಲ. ಅವಳು ತಲೆಗೆ ನೀರು ಹಾಕಿಕೊಂಡು, ಬಟ್ಟೆ ಬದಲಿಸಿ, ಬಾಗಿಲಲ್ಲಿ ಚೆಲ್ಲಿದ್ದ ಸುಣ್ಣವನ್ನು ತುಳಿದೇ ಒಳಗೆ ಹೋದಳು. ಮಾರನೆಯ ಬೆಳಿಗ್ಗೆ ಹುಳುಗಳು ತಲೆ ಒದರುತ್ತಾ ಹಸಿರು ರಸ ಕಾರಿಕೊಳ್ಳತೊಡಗಿದವು. ಮಧ್ಯಾಹ್ನದೊಳಗೆ ಹುಳುಗಳೆಲ್ಲ ಸತ್ತು ಇಡೀ ಬೆಳೆ ಹೋಯಿತು.

"ಎಲ್ಲೆಲ್ಲೋ ಮಲಗೆದ್ದು ಬಂದೋಳ್ನ ಹುಳಿನ ಮನೆಗೆ ಬುಟ್ಕಂಡ್ರೆ ಇನ್ನೇನಾಯ್ತದೆ?" ಎಂದ ಅವಳ ಅಪ್ಪ. ಎಲ್ಲರೆದುರಿಗೂ ಅಂದ. ಚೀಲ ತಿಪ್ಪೆಗೆ ಹೋದದ್ದು ಆಗಲೇ. ಅವಳು ಹುಳುಮನೆಯ ಹೊರಗೆ ತಲೆ ತಗ್ಗಿಸಿ ನಿಂತಿದ್ದಳು. ಅವಳಣ್ಣ ಅಲ್ಲೇ ಗೋಡೆಗೊರಗಿ ಉಗುರು ಕಚ್ಚುತ್ತಿದ್ದ. ನಾನು ಬಾಯಿ ತೆರೆದರೆ, "ನೀನ್ಯಾರಮ್ಮ ನಮ್ಮನೆ ಇಸ್ಯಕ್ಕೆ?" ಅಂದರು. ಮುಂದಿನ ಬೆಳೆ ಬರುವಷ್ಟರಲ್ಲಿ ಮಾಗಡಿಯ ಗುಡೇಮಾರನಹಳ್ಳಿಗೆ ಅವಳನ್ನು ಮದುವೆ ಮಾಡಿ ಕಳಿಸಿಯೂ ಆಗಿತ್ತು. ಶಾಲೆಯವರು ಕೆಲವು ಸಲ ಫೋನ್ ಮಾಡಿದರು, ಆಮೇಲೆ ಬಿಟ್ಟರು...

ಹೋದ ತಿಂಗಳು ಚನ್ನಪಟ್ಟಣದಲ್ಲಿ ಒಂದು ಮದುವೆ. ಊಟದ ಸಾಲಿನಲ್ಲಿ ಅವಳಣ್ಣ ನನ್ನ ಪಕ್ಕದಲ್ಲೇ ಕೂತ. ಹಳೆಯ ಮಾತು ಬಂತು. ಪಾಯಸ ಹೀರುತ್ತಾ ನಗುನಗುತ್ತಲೇ ಹೇಳಿದ:

"ಅವತ್ತು ನಮ್ ತೋಟದವರೆಗೂ ಯಾರು ಹೋಯ್ತಾರೆ ಅಂತ ಪಕ್ಕದೋರ ಟೊಮೇಟೊ ಬದೀಲಿದ್ದ ಸೊಪ್ಪೇ ಕುಯ್ಕಂಡ್ ಬಂದ್ಬುಟ್ಟಿದ್ದೆ ಕಣವ್ವ. ಟೊಮೇಟೊಗೆ ಹುಳದ ಔಸ್ದಿ ಹೊಡ್ದಿದ್ರಂತೆ. ನಂಗೇನ್ ಗೊತ್ತು!"

ನಗು ಬೇರೆ! ಎಲೆಯನ್ನು ಅರ್ಧಕ್ಕೇ ಮಡಚಿ ಎದ್ದೆ. ತಂಗಿಯ ಬದುಕನ್ನು ನುಂಗಿ ನೀರು ಕುಡಿದವನಿಗೆ ಪಾಯಸ ಹೇಗೆ ಇಳಿಯುತ್ತದೋ ಕಾಣೆ.

ಮಾರನೆಯ ದಿನವೇ ಗುಡೇಮಾರನಹಳ್ಳಿಗೆ ಹೋದೆ. ಅವಳು ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಏದುಸಿರು ಬಿಡುತ್ತಾ ಎಲ್ಲವನ್ನೂ ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

"ಗೊತ್ತಿತ್ತು ಬುಡಮ್ಮಿ. ಹುಳ ಹಸಿರು ಕಾರ್ದಾಗ್ಲೇ ಗೊತ್ತಾಯ್ತು, ಸೊಪ್ಪಿಂದು ಅಂತ. ಅವತ್ತು ಸೊಪ್ಪು ತಂದಿದ್ದು ಅಣ್ಣನೇ."

"ಮತ್ತೆ ಬಾಯಿ ಯಾಕೆ ಬಿಡಲಿಲ್ಲ?"

"ಬುಟ್ಟಿದ್ರೆ ಅಪ್ಪ ಅಣ್ಣಂಗೆ ಮಚ್ಚಲ್ಲೇ ಬುಟ್ಬುಡೋನು. ನಂಗಾದ್ರೆ ಒಸಿ ಬೈತಾರೆ, ಮದ್ವೆ ಮಾಡ್ತಾರೆ. ಅಷ್ಟೇ ತಾನೆ ಅನ್ಕಂಡೆ."

ಅಷ್ಟೇ ಅಂತೆ! ನಾನು ಕೂಗಾಡಿದೆ. ಹಿಮಾಚಲದ ಶಾಲೆಯ ಹೆಸರು ಹೇಳಿ ಕೂಗಾಡಿದೆ. ಅವಳು ಉಂಡು ಹೋಗು ಅಂದಳು, ಉಣ್ಣದೆ ಬಂದೆ.

ಅವಳಪ್ಪನ ಮೇಲೆ, ಅಣ್ಣನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ. ವರ್ಷಗಟ್ಟಲೆ ಮಾಡಿ ರೂಢಿಯಾಗಿದೆ. ಅವಳ ಮೇಲಿನ ಈ ಹೊಸ ಸಿಟ್ಟನ್ನು ಏನು ಮಾಡಬೇಕೋ ತಿಳಿಯುತ್ತಿಲ್ಲ. ಮುಂದಿನ ವಾರ ಮತ್ತೆ ಹಿಮಾಚಲಕ್ಕೆ ಹೊರಟಿದ್ದೇನೆ, ಒಬ್ಬಳೇ. ರೈಲಿನಲ್ಲಿ ಪಕ್ಕದ ಸೀಟಿಗೆ ಯಾರೋ ಬಂದು ಕೂರುತ್ತಾರೆ. ಅವಳಲ್ಲ.