ಖಾಲಿ ಡಿಸ್ಕಿನ ನಕಲು

ಈ ಉತ್ತರದ ತೀರ್ಥಕ್ಷೇತ್ರದ ಶಿವಾಲ ಕೇರಿಯಲ್ಲಿ ನಮ್ಮ ಮನೆಯಿಂದ ಎರಡು ಗಲ್ಲಿ ಆಚೆ ಒಬ್ಬ ಕನ್ನಡ ಪುರೋಹಿತರಿದ್ದಾರೆ. ಊರಿಂದ ಅಸ್ಥಿ ತಂದವರಿಗೆ ಕರ್ಮ ಮಾಡಿಸುವುದು ಅವರ ವೃತ್ತಿ. ನಾನು ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಕಲಿಸುವವನು. ಫೋನು ಕೆಟ್ಟರೆ ನನ್ನ ಹತ್ತಿರ ಬರುತ್ತಿದ್ದರು. ಹೋದ ಚಳಿಗಾಲ ಒಂದು ಹಳೆಯ ಹಾರ್ಡ್ ಡಿಸ್ಕನ್ನು ಶಲ್ಯದಲ್ಲಿ ಸುತ್ತಿಕೊಂಡು ಬಂದರು. ತಿರುಗುವಾಗ ಕಟಕಟ ಸದ್ದು ಮಾಡುತ್ತಿತ್ತು.

ಅದರಲ್ಲಿ ಅವರ ತೀರಿಕೊಂಡ ಹೆಂಡತಿಯ ದನಿಯಿತ್ತು. ಹಾಸಿಗೆ ಹಿಡಿದ ಕೊನೆಯ ತಿಂಗಳುಗಳಲ್ಲಿ ಆಕೆ, ಲಖನೌದಲ್ಲಿರುವ ಮಗಳಿಗಾಗಿ ದಿನವೂ ಅಷ್ಟಿಷ್ಟು ಮಾತಾಡಿ ರೆಕಾರ್ಡ್ ಮಾಡಿಸಿದ್ದರಂತೆ. ಹಸೆ ಹಾಡು, ಸಾರಿನ ಪುಡಿ ಹುರಿಯುವ ಕ್ರಮ, ನೆಂಟರಲ್ಲಿ ಯಾರಿಗೆ ಯಾರು ಏನಾಗಬೇಕು ಎಂಬುದೆಲ್ಲ. ಫೋನು ತುಂಬಿದಾಗ ಪುರೋಹಿತರು ಎಲ್ಲವನ್ನೂ ಈ ಡಿಸ್ಕಿಗೆ ಹಾಕಿ ಫೋನಿನಿಂದ ಅಳಿಸಿದ್ದರು. ವರ್ಷಾಬ್ದಿಕಕ್ಕೆ ಮಗಳು ಬಂದಾಗ ಇಬ್ಬರೂ ಕೂತು ಕೇಳೋಣವೆಂದು ತೆರೆದೇ ಇರಲಿಲ್ಲ; ದಿನ ಹತ್ತಿರ ಬಂತೆಂದು ಚುಚ್ಚಿ ನೋಡಿದರೆ ಈ ಸದ್ದು.

ಸಾಯುತ್ತಿರುವ ಡಿಸ್ಕು, ಆದರೂ ಚುಚ್ಚಿದಾಗ ಫೈಲುಗಳ ಹೆಸರೆಲ್ಲ ಕಂಡವು. ಒಂದೊಂದೇ ಫೈಲು ತೆಗೆಯುವ ಬದಲು ಇಡೀ ಡಿಸ್ಕನ್ನು ಹೊಸದೊಂದಕ್ಕೆ ಯಥಾವತ್ತು ನಕಲು ಮಾಡುವುದು ಒಳ್ಳೆಯದು. ಅದಕ್ಕೆ ಒಂದು ಸಾಲಿನ ಕಮಾಂಡು ಸಾಕು. ಎಲ್ಲಿಂದ ಓದಬೇಕು, ಎಲ್ಲಿಗೆ ಬರೆಯಬೇಕು, ಅಷ್ಟೇ. ಅದು ಮರುಪ್ರಶ್ನೆ ಕೇಳುವುದಿಲ್ಲ. ಹಳೆಯದಕ್ಕೆ ಬಿ, ಹೊಸದಕ್ಕೆ ಸಿ ಎಂದು ಕಂಪ್ಯೂಟರು ಹೆಸರು ಕೊಟ್ಟಿತ್ತು. ಎರಡು ಸಲ ನೋಡಿಕೊಂಡು ಶುರುಮಾಡಿದೆ. ಏನೂ ನಕಲಾಗುವ ಮೊದಲೇ ಕೇಬಲು ಸಡಿಲಾಗಿ ಕೆಲಸ ನಿಂತಿತು. ಎರಡನ್ನೂ ಕಿತ್ತು ಮತ್ತೆ ಚುಚ್ಚಿ, ಅದೇ ಕಮಾಂಡನ್ನು ಮತ್ತೆ ಒತ್ತಿ ಕ್ಲಾಸಿಗೆ ಹೋದೆ. ಚುಚ್ಚುವ ಸರದಿ ಬದಲಾಗಿ ಹೆಸರುಗಳೂ ಅದಲುಬದಲಾಗಿದ್ದವು. ನಾನು ಪಾಠ ಮಾಡುತ್ತಿದ್ದ ಹೊತ್ತಿನಲ್ಲಿ ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ತನ್ನನ್ನು ಬರೆದುಕೊಳ್ಳುತ್ತಿತ್ತು.

ಬಂದು ನೋಡಿದಾಗ ಮುಗಿದಿತ್ತು. ಎರಡು ದಿನ ಗೊತ್ತಿದ್ದ ಉಪಾಯವನ್ನೆಲ್ಲ ಮಾಡಿದೆ. ಎಲ್ಲಿ ನೋಡಿದರೂ ಸೊನ್ನೆ.

ಮೂರನೆಯ ದಿನ ಹೋಗಿ, ಡಿಸ್ಕು ಮೊದಲೇ ಸತ್ತಿತ್ತು ಎಂದುಬಿಟ್ಟೆ. ಅವರು ನನ್ನನ್ನೇ ಸಮಾಧಾನ ಮಾಡಿದರು, ಚಹಾ ಕೊಟ್ಟರು, ಹಳೇದಾಗಿತ್ತು, ನೀವೇನು ಮಾಡ್ತೀರಿ ಎಂದರು.

ವರ್ಷಾಬ್ದಿಕ ಕಳೆದ ಮೇಲೆ ಅಸ್ಸಿ ಘಾಟಿನಲ್ಲಿ ಸಿಕ್ಕರು. ಇಳಿದುಹೋಗಿದ್ದರು. ಮಗಳು ಊಟ ಮುಗಿಸಿ ಅವತ್ತೇ ಹೊರಟುಹೋದಳಂತೆ. ಅಮ್ಮನ ದನಿಯನ್ನು ಒದ್ದೆ ಗೋಡೆಯ ಗೂಡಿನಲ್ಲಿಟ್ಟು ಹಾಳುಮಾಡಿದಿರಿ ಎಂದು ಅತ್ತಳಂತೆ. ಫೋನು ಮಾಡಿದರೆ ಎತ್ತುವುದಿಲ್ಲ ಎಂದರು. ಹೌದಲ್ಲ, ನಾನು ಜೋಪಾನ ಮಾಡ್ಬೇಕಿತ್ತು ಎಂದು ತಾವೇ ಸೇರಿಸಿದರು.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹಾಗೆಂದು ಹೋಗಲೂ ಆಗಲಿಲ್ಲ. ಮೆಟ್ಟಿಲ ಮೇಲೆ ಕೂರಿಸಿ ಎಲ್ಲವನ್ನೂ ಹೇಳಿದೆ. ಕೇಬಲು, ಕ್ಲಾಸು, ಸುಳ್ಳು, ಯಾವುದನ್ನೂ ಬಿಡಲಿಲ್ಲ.

ಅವರು ಕೇಳಿದರು:

“ಹಾಗಾದ್ರೆ ಮೇಷ್ಟ್ರೇ, ನಾನು ತಂದುಕೊಟ್ಟಾಗ ಅದ್ರಲ್ಲಿ ಎಲ್ಲಾ ಇತ್ತಾ?”

“ಇತ್ತು.”

ಅವರು ಫೋನು ತೆಗೆದು ಮಗಳಿಗೆ ಹಚ್ಚಿದರು. ಎತ್ತಲಿಲ್ಲ. ಅಲ್ಲಿಯೇ, ನನ್ನ ಪಕ್ಕದಲ್ಲಿಯೇ ಕೂತು ಸಂದೇಶ ರೆಕಾರ್ಡ್ ಮಾಡಿದರು.

“ಪುಟ್ಟಾ, ಅದನ್ನ ನಾನು ಕೆಡಿಸಿದ್ದಲ್ಲ ಕಣೇ.”

ನನ್ನ ಹೆಸರು ಹೇಳಲಿಲ್ಲ. ಎದ್ದು, ಶಲ್ಯ ಕೊಡವಿ, ಆಟೊ ಹತ್ತಿದರು.

ಮಗಳು ಈಗ ಮಾತಾಡುತ್ತಾಳೆಂದು ನನ್ನ ಹೆಂಡತಿಯಿಂದ ತಿಳಿಯಿತು. ಪುರೋಹಿತರು ಗಲ್ಲಿಯಲ್ಲಿ ಎದುರಾದರೆ ತಲೆಯಾಡಿಸಿ ದಾರಿ ಬಿಡುತ್ತಾರೆ. ಕಳೆದ ತಿಂಗಳು ನನ್ನ ತಂದೆಯ ಅಸ್ಥಿ ಬಿಡುವುದಿತ್ತು. ಕರೆಯುವ ಧೈರ್ಯವಾಗದೆ ಬೇರೆಯವರಿಂದ ಮಾಡಿಸಿದೆ.