ಚಪ್ಪರದಲ್ಲಿ ಅಜ್ಜ ಕೊಟ್ಟ ತೀರ್ಪು

ಹಸಿ ಮಡಲು ಬಿಸಿಲಿಗೆ ಬಾಡುವಾಗ ಒಂದು ವಾಸನೆ ಬರುತ್ತದೆ. ಸ್ವಲ್ಪ ಸಿಹಿ, ಸ್ವಲ್ಪ ಒಗರು. ಎಳನೀರು ಕುಡಿದು ಚಿಪ್ಪನ್ನು ಅಂಗಳದಲ್ಲೇ ಮರೆತುಬಿಟ್ಟ ಹಾಗೆ. ಮೊನ್ನೆ ಕಾರವಾರದಲ್ಲಿ ಆಫೀಸು ಬಿಟ್ಟು ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದೆ. ಯಾರದೋ ಮದುವೆ ಮನೆಯ ಮುಂದೆ ತೆಂಗಿನ ಮಡಲು ಹೊದೆಸಿ ಚಪ್ಪರ ಕಟ್ಟುತ್ತಿದ್ದರು. ಈಗೆಲ್ಲ ತಗಡು, ಬಣ್ಣದ ಬಟ್ಟೆಯ ಶಾಮಿಯಾನ. ಮಡಲು ಹೆಣೆಯುವವರನ್ನು ಆ ಮನೆಯವರು ಎಲ್ಲಿಂದ ಹುಡುಕಿ ತಂದಿದ್ದರೋ. ವಾಸನೆ ಮೂಗಿಗೆ ಬಿದ್ದದ್ದೇ ಕಾಲು ನಿಂತಿತು, ಕಿವಿ ಬಿಸಿಯಾಯಿತು. ಇಷ್ಟು ವರ್ಷಗಳಾದ ಮೇಲೂ ಆ ವಾಸನೆ ನನಗೆ ಮೊದಲು ತರುವುದು ನಾಚಿಕೆಯನ್ನೇ. ಅಜ್ಜ, ಅಂಗಳ, ಹಾಡು, ಗುಮಟೆಯ ಸದ್ದು ಎಲ್ಲ ಆಮೇಲೆ ಒಂದೊಂದಾಗಿ ಬರುತ್ತವೆ.

ನಮ್ಮ ಮನೆ ಅಂಕೋಲೆಯ ಭಾವಿಕೇರಿಯ ಆಚೆ, ರಸ್ತೆ ಮುಗಿದು ಮರಳು ಶುರುವಾಗುವಲ್ಲಿ ಇತ್ತು. ಹಂಚಿನ ಮಾಡಿನ ಚಿಕ್ಕ ಮನೆ. ಅಂಗಳ ಮಾತ್ರ ನಮ್ಮ ಕೇರಿಗೇ ದೊಡ್ಡದು. ಅಲ್ಲಿ ವರ್ಷವಿಡೀ ಮೀನು ಒಣಗುತ್ತಿತ್ತು, ಬಲೆ ಒಣಗುತ್ತಿತ್ತು, ನಾವು ಮಕ್ಕಳೂ ಒಣಗುತ್ತಿದ್ದೆವು. ಬೇಸಗೆಯ ಕೊನೆಗೆ, ದೋಣಿಗಳನ್ನು ಮೇಲೆ ಎಳೆದಿಟ್ಟು ಮಳೆಗೆ ಕಾಯುವ ದಿನಗಳಲ್ಲಿ, ಅಂಗಳದ ತುಂಬ ಮಡಲಿನ ಚಪ್ಪರ ಏಳುತ್ತಿತ್ತು. ಆ ಹಬ್ಬಕ್ಕೆ ಯಾರೂ ಹೆಸರಿಟ್ಟಿರಲಿಲ್ಲ. 'ಈ ಸಲ ಚಪ್ಪರ ಯಾವಾಗ?' ಎಂದು ಕೇಳಿದರೆ ಎಲ್ಲರಿಗೂ ತಿಳಿಯುತ್ತಿತ್ತು. ನಮ್ಮ ತೀರದಲ್ಲಿ ಕಂಪನಿಯೊಂದರ ಹಡಗು ನಿಲ್ಲಿಸುವ ಜೆಟ್ಟಿ ಬರುತ್ತದೆ ಎಂಬ ಸುದ್ದಿ ಎದ್ದ ವರ್ಷ ಅದು ಶುರುವಾದದ್ದು. ಕಾರವಾರದ ಕಡೆ ನೌಕಾನೆಲೆಗಾಗಿ ಊರು ಬಿಟ್ಟವರು ನಮ್ಮ ನೆಂಟರಲ್ಲೇ ಇದ್ದರು. ಊರು ಬಿಡುವುದೆಂದರೆ ಏನೆಂದು ಯಾರೂ ನಮಗೆ ವಿವರಿಸಿ ಹೇಳಬೇಕಾಗಿರಲಿಲ್ಲ. ಕೇರಿಯ ಹೆಂಗಸರು ಹಾಡು ಕಟ್ಟಿದರು, ಗಂಡಸರು ಗುಮಟೆ ಹಿಡಿದರು, ಅಂಕೋಲೆ ಪೇಟೆಯಿಂದ ಕವಿತೆ ಬರೆಯುವ ಮೇಷ್ಟ್ರುಗಳು ಬಂದರು, ಕಾರವಾರದಿಂದ ಭಾಷಣ ಮಾಡುವವರು ಬಂದರು. ಅಷ್ಟೂ ಜನಕ್ಕೆ ನಮ್ಮ ಮನೆಯಲ್ಲೇ ಊಟ. ಆಯಿ, ಅಂದರೆ ನನ್ನ ತಾಯಿ, ಬೆಳಿಗ್ಗೆಯಿಂದ ತೆಂಗಿನಕಾಯಿ ಅರೆಯುತ್ತಿದ್ದಳು. ಇಶಾಡ ಮಾವಿನ ರಸ ದೊಡ್ಡ ಪಾತ್ರೆಯಲ್ಲಿ ತಣ್ಣಗೆ ಕೂತಿರುತ್ತಿತ್ತು. ಕವಿತೆಗಳು ನಮಗೆ ಅರ್ಥವಾಗುತ್ತಿರಲಿಲ್ಲ. ಅಜ್ಜನಿಗೂ ಆಗುತ್ತಿತ್ತೆಂದು ನಾನು ನಂಬುವುದಿಲ್ಲ. ಆದರೆ ಅವನು ಮುಂದಿನ ಸಾಲಿನಲ್ಲಿ ಚಾಪೆಯ ಮೇಲೆ ಕೂತು, ಕವಿ ಉಸಿರು ತೆಗೆದುಕೊಳ್ಳಲು ನಿಂತಲ್ಲೆಲ್ಲ "ಹೌದು" ಎನ್ನುತ್ತಿದ್ದ. ಆ "ಹೌದು" ಕೇಳಲಿಕ್ಕೆಂದೇ ಬರುವ ಕವಿಗಳಿದ್ದರು.

ಎಲ್ಲರೂ ಕಾಯುತ್ತಿದ್ದದ್ದು ಮಾತ್ರ ಸೋಗಿಗೆ. ಅಂಕೋಲೆ ಪೇಟೆಯಲ್ಲಿ ಬಟ್ಟೆ ಹೊಲಿಯುವ ನಾಗೇಶಣ್ಣ ಅದರ ಯಜಮಾನ. ಬಿಸಿಲು ಇಳಿದು ಮುಖ ಚೆನ್ನಾಗಿ ಕಾಣುವ ಹೊತ್ತಿಗೆ ವೇಷ ಹಾಕಿ ಬರುತ್ತಿದ್ದ. ಒಂದು ವರ್ಷ ಮಂತ್ರಿ, ಒಂದು ವರ್ಷ ಎಂಜಿನಿಯರ್, ಒಂದು ವರ್ಷ ಕವಿತೆ ಮುಗಿಸಲಾರದ ಕವಿ. ಯಾರನ್ನೂ ಬಿಡುವುದಿಲ್ಲ ಎಂಬುದೇ ಚಪ್ಪರದ ನಿಯಮ. ಸೋಗಿನ ಕೊನೆಗೆ ಅವನು ಅಜ್ಜನ ಮುಂದೆ ಕೈಕಟ್ಟಿ ನಿಂತು, "ಸೋಮಜ್ಜಾ, ಇವ್ನಿಗೆ ಏನು ಶಿಕ್ಷೆ?" ಎಂದು ಕೇಳಬೇಕು, ಕೇರಿಯ ಹಿರಿಯನಾದ ಅಜ್ಜ ತೀರ್ಪು ಹೇಳಬೇಕು. ಮಂತ್ರಿಗೆ ಒಂದು ಮಳೆಗಾಲ ಪೂರ್ತಿ ಸೆಟ್ಲಿ ಸಿಗಡಿ ಸುಲಿಯುವ ಶಿಕ್ಷೆ ಕೊಟ್ಟಿದ್ದ. ಎಂಜಿನಿಯರನಿಗೆ ನಮ್ಮ ಅಜ್ಜಿಯ ಹತ್ತಿರ ಬೈಸಿಕೊಳ್ಳುವ ಶಿಕ್ಷೆ. ಅಜ್ಜಿ ಆಗ ಬದುಕಿದ್ದಳು, ಅಲ್ಲೇ ಶಿಕ್ಷೆ ಜಾರಿ ಮಾಡಿದಳು. ಜನ ನಕ್ಕು ನಕ್ಕು ಚಪ್ಪರದ ಕಂಬ ಅಲುಗುತ್ತಿತ್ತು.

ನನ್ನ ಅಪ್ಪ ದತ್ತಾತ್ರೇಯ ಹಾಡುವವನೂ ಅಲ್ಲ, ನಗಿಸುವವನೂ ಅಲ್ಲ. ಮೊಣಕಾಲು ಕೆಟ್ಟ ಮೇಲೆ ದೋಣಿ ಹತ್ತುವುದನ್ನು ಬಿಟ್ಟು, ಟೆಂಪೋದಲ್ಲಿ ಮೀನು ಹಾಕಿಕೊಂಡು ಕಾರವಾರದ ಪೇಟೆಗೆ ಹೋಗುತ್ತಿದ್ದ. ಓದು ಬರಹ ಚೆನ್ನಾಗಿ ಬರುತ್ತಿದ್ದುದರಿಂದ ಕೇರಿಯ ಪರವಾಗಿ ಕಚೇರಿಗಳಿಗೆ ತಿರುಗುವ ಕೆಲಸ ಅವನದಾಯಿತು. ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋದವನು ಸಂಜೆ ಬಾಡಿಕೊಂಡು ಬರುತ್ತಿದ್ದ. ಕಿಟಕಿಯ ಹೊರಗೆ ನಿಲ್ಲಿಸಿದರು, ನಾಳೆ ಬಾ ಅಂದರು, ಮೀನಿನ ವಾಸನೆ ಎಂದು ಮೂಗು ಮುಚ್ಚಿಕೊಂಡರು ಎಂದು ಆಯಿಯ ಹತ್ತಿರ ಮಾತ್ರ ಹೇಳುತ್ತಿದ್ದ. ಮಾತು ಶುರು ಮಾಡುವ ಮುಂಚೆ ಅಂಗಿಯ ಚುಂಗಿನಿಂದ ಕನ್ನಡಕ ಒರೆಸಿಕೊಂಡು "ಹಾಗೆ ನೋಡೂಕೆ ಹೋದ್ರೆ" ಅನ್ನುವುದು ಅವನ ಅಭ್ಯಾಸ. ಒಂದು ವರ್ಷ ಬೇಸಗೆಗೆ ಮುಂಚೆ ಜೆಟ್ಟಿಯ ವಿಷಯಕ್ಕೆ ಅಧಿಕಾರಿಗಳು ಕಾರವಾರದಲ್ಲಿ ಸಭೆ ಕರೆದರು. 'ನಮಗೆ ಬೇಡ' ಎಂದು ಹೇಳಿ ಬಾ ಎಂದು ಕೇರಿಯವರು ಅಪ್ಪನನ್ನೇ ಕಳಿಸಿದರು. ಹೋದವನು ಬಂದ, ಉಂಡ, ಮಲಗಿದ. ಆಮೇಲೆ ಮೀನು ಲಿಲಾವಿನಲ್ಲಿ ಅವನನ್ನು ಯಾರೂ ಮಾತಾಡಿಸದಾದರು. ಆಯಿ ಪಕ್ಕದ ಮನೆಗೆ ಸೆಟ್ಲಿ ಸುಲಿಯಲು ಹೋಗುವುದನ್ನು ಬಿಟ್ಟಳು. ಏನೋ ಆಗಿದೆ ಎಂದು ನನಗೆ ತಿಳಿಯುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ಅಜ್ಜನಿಗಂತೂ ಕಣ್ಣಿಗೆ ಪೊರೆ ಬಂದಿತ್ತು; ಮನುಷ್ಯರು ಅವನಿಗೆ ಬರೀ ಆಕಾರಗಳು. ಕೇರಿಯವರೆಲ್ಲ ಅವನ ಮಟ್ಟಿಗೆ ಬಾಯಿ ಮುಚ್ಚಿಕೊಂಡಿದ್ದರು. ಅಷ್ಟು ಹಿರಿಯನಿಗೆ ಅಂಥ ಮಾತು ಹೇಳುವವರು ಯಾರು?

ಆ ವರ್ಷದ ಚಪ್ಪರದಲ್ಲಿ ನಾನು ಅಜ್ಜನ ಪಕ್ಕದಲ್ಲೇ ಕೂತಿದ್ದೆ. ನಾಗೇಶಣ್ಣ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದ. ಇಸ್ತ್ರಿ ಅಂಗಿ, ಕನ್ನಡಕ. ಅಧಿಕಾರಿಯೂ ಅವನೇ, ಬಂದವನೂ ಅವನೇ. ಶಾಲು ಹೊದ್ದರೆ ಅಧಿಕಾರಿ, ತೆಗೆದರೆ ಬಡಪಾಯಿ. "ಬನ್ನಿ ಸಾಹೇಬ್ರೆ, ಕೂತ್ಕೊಳ್ಳಿ" ಎಂದ ಅಧಿಕಾರಿ. ಬಡಪಾಯಿ ಹಿಂದೆ ತಿರುಗಿ ನೋಡಿದ, ಸಾಹೇಬರು ಯಾರು ಬಂದರು ಎಂದು. ಜನ ನಕ್ಕರು. ಅವನು ಕುರ್ಚಿಯ ತುದಿಯಲ್ಲಿ ಕೂತ, ಎದ್ದ, ಕುರ್ಚಿಯನ್ನು ಒರೆಸಿದ, ಮತ್ತೆ ಕೂತ. "ನಿಮ್ಮ ಮನೆ ತಗೋತೇವೆ, ಅಡ್ಡಿ ಇದೆಯೋ?" ಬಡಪಾಯಿ ಅಂಗಿಯ ಚುಂಗಿನಿಂದ ಕನ್ನಡಕ ಒರೆಸಿದ. "ಹಾಗೆ ನೋಡೂಕೆ ಹೋದ್ರೆ, ಕುರ್ಚಿ ಬಾಳ ಚಂದ ಅದೆ." "ನಿಮ್ಮ ಸಮುದ್ರ?" "ಹಾಗೆ ನೋಡೂಕೆ ಹೋದ್ರೆ, ಸಮುದ್ರಕ್ಕೆ ಕೈಯೇ ಇಲ್ಲ, ಕುರ್ಚಿಗೆ ಎರಡು ಕೈ ಅದೆ."

ನಾನೂ ನಗುತ್ತಿದ್ದೆ. ಕನ್ನಡಕ ಒರೆಸಿದ್ದು ನೋಡಿದಾಗ ನಗು ಅರ್ಧಕ್ಕೆ ನಿಂತಿತು. ಸುತ್ತ ನೋಡಿದೆ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು, ನನ್ನ ಕಣ್ಣು ಸಿಕ್ಕಿದವರು ಮುಖ ತಗ್ಗಿಸುತ್ತಿದ್ದರು. ಅಪ್ಪ ದೂರದಲ್ಲಿ ತೆಂಗಿನ ಮರಕ್ಕೆ ಒರಗಿ ನಿಂತಿದ್ದ. ಅವನ ಕೈ ಅಂಗಿಯ ಚುಂಗಿನ ಹತ್ತಿರ ಹೋಗಿ ಹಾಗೇ ನಿಂತಿತ್ತು. ಮತ್ತು ನನ್ನ ಪಕ್ಕದಲ್ಲಿ ಅಜ್ಜ, ಎಲ್ಲರಿಗಿಂತ ಜೋರಾಗಿ, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದ. ನನ್ನ ಬೆನ್ನಿಗೆ ಹೊಡೆದು "ಕೇಳಿದ್ಯೇನೆ ಮಗಾ, ಸಮುದ್ರಕ್ಕೆ ಕೈ ಇಲ್ವಂತೆ" ಎಂದು ನಗುತ್ತಿದ್ದ. ಆ ಮಾತಿನ ವರಸೆ ಅವನಿಗೆ ಗುರುತು ಹತ್ತಬೇಕಿತ್ತು. ಆದರೆ ಅಂಥ ಕಡೆ ತನ್ನ ಮಗನನ್ನು ಹುಡುಕುವ ಮನಸ್ಸೇ ಅವನಿಗಿರಲಿಲ್ಲ. ತನ್ನ ಮನೆಯ ಮಾನ ಹೋಗುವುದನ್ನು ತಿಳಿಯದೆ ನಗುವ ಮುದುಕನ ಪಕ್ಕದಲ್ಲಿ ಕೂತವರ ಸಂಕಟ ನಿಮಗೆ ಬರದಿರಲಿ.

ಸೋಗು ಮುಗಿಯಿತು. ನಾಗೇಶಣ್ಣ ಕುರ್ಚಿ ಎತ್ತಿಕೊಂಡು, ಶಿಕ್ಷೆ ಕೇಳದೆ, ತಲೆ ತಗ್ಗಿಸಿ ಹೊರಟ. ಅಜ್ಜನೇ ಅವನನ್ನು ತಡೆದ.

"ಏ ನಾಗೇಶ, ತೀರ್ಪು ಕೇಳದೇ ಹೋಗ್ತ್ಯೇನೋ?"

"ಇರ್ಲಿ ಅಜ್ಜಾ, ಈ ಸಲ ಬೇಡ."

"ಬೇಡ ಅಂದ್ರೆ ಹೇಗೆ? ಇಷ್ಟು ವರ್ಷ ಬೇರೆಯವ್ರಿಗೆ ಕೊಟ್ಟೆ. ಇಂವ ನಮ್ಮವ್ನೇ ಅಲ್ಲನೋ? ನಮ್ಮವ್ನಿಗೆ ಬಿಟ್ರೆ ಹೇಗೆ?" ಎಂದು ಅಜ್ಜ ನನ್ನ ಹೆಗಲು ಹಿಡಿದು ಎದ್ದು ನಿಂತ. ಅವನ ಮುಖದಲ್ಲಿ ನಗು ಉಳಿದಿರಲಿಲ್ಲ. ಯಾರೋ ನೆಂಟರು ಬಿಟ್ಟುಬಂದ ಮನೆ ನೆನಪಾಯಿತೋ ಏನೋ. "ನಾ ಹೇಳ್ತೆ ಕೇಳಿ. ಕಳ್ಸಿದ ಊರನ್ನು ಕುರ್ಚಿಗೆ ಕೊಟ್ಟವ್ನ ಮನೇಲಿ ಯಾರೂ ನೀರು ಕುಡೀಬೇಡಿ. ಇದೇ ತೀರ್ಪು."

ಯಾರೂ ನಗಲಿಲ್ಲ. ಸಮುದ್ರದ ಸದ್ದು ಅಷ್ಟು ಹತ್ತಿರ ಎಂದು ನನಗೆ ಅವತ್ತೇ ಗೊತ್ತಾದದ್ದು. ಆಯಿ ಎದ್ದು ಒಳಗೆ ಹೋದಳು. "ಯಾಕೆ ಮಗಾ, ಎಲ್ಲ ಸುಮ್ನಾಗಿಬಿಟ್ರು?" ಎಂದು ಅಜ್ಜ ಕೇಳಿದ. ಮನೆಗೆ ಹೋಗುವ ಎಂದು ನಾನು ಅವನ ಕೈ ಹಿಡಿದೆ.

ಜಗಲಿಗೆ ಬಂದು ಕೂತವನೇ ಎಂದಿನಂತೆ ನೀರು ಕೇಳಿದ. ಆಯಿ ತಂಬಿಗೆ ತಂದು ಅವನ ಕೈಗೆ ಕೊಟ್ಟಳು. ಅಪ್ಪ ಸುಮ್ಮನಿದ್ದಿದ್ದರೆ ಅವಳೂ ಹೇಳುತ್ತಿರಲಿಲ್ಲ, ಕೇರಿಯವರೂ ಹೇಳುತ್ತಿರಲಿಲ್ಲ; ಅಜ್ಜ ಕುಡಿದುಬಿಡುತ್ತಿದ್ದ, ಅವನಿಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಅಪ್ಪ ಮೆಟ್ಟಿಲ ಕೆಳಗೆ ಬಂದು ನಿಂತ.

"ಅಪ್ಪಾ, ಕುಡೀಬೇಡ. ಸೋಗಿನಲ್ಲಿದ್ದವ ನಾನು."

ಅಜ್ಜ ತಂಬಿಗೆಯನ್ನು ಬಾಯಿಯ ಹತ್ತಿರದಿಂದ ಇಳಿಸಿದ. ಅಪ್ಪನ ಆಕಾರದ ಕಡೆ ತಿರುಗಿದ. "ಯಾಕ್ರಾ?" ಎಂದ, ಬೈಗುಳವಿಲ್ಲದೆ.

"ಕುರ್ಚಿ ಕೊಟ್ರು" ಎಂದ ಅಪ್ಪ. "ಎಲ್ಲರ ಮುಂದೆ ಹೆಸರು ಹಿಡಿದು ಕರೆದು ಕೂರ್ಸಿದ್ರು. ನಿಮ್ಮ ಅಭಿಪ್ರಾಯ ಏನು ಸರ್ ಅಂದ್ರು. ಬೇಡ ಅನ್ನೂಕೆ ನಾಲಿಗೆ ಏಳ್ಲಿಲ್ಲ. ಅಡ್ಡಿಯಿಲ್ಲ ಅಂದ್ಬಿಟ್ಟೆ."

ನಾಗೇಶಣ್ಣನ ಸೋಗಿನಲ್ಲಿ ಹುಟ್ಟಿಸಿ ಹೇಳಿದ್ದು ಬಹಳವಿಲ್ಲ ಎಂದು ಆಗ ತಿಳಿಯಿತು. ಅಪ್ಪನ ಜತೆ ಹೋಗಿದ್ದ ಕೇರಿಯ ಇಬ್ಬರು ಸಭೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಅಜ್ಜ ತಂಬಿಗೆಯನ್ನು ನೆಲಕ್ಕಿಟ್ಟು, ಕೋಲು ಹುಡುಕಿಕೊಂಡು, ಪಕ್ಕದ ಶಾಂತಕ್ಕನ ಮನೆಗೆ ನಡೆದ.

ಮರುದಿನ ಬೆಳಿಗ್ಗೆ ಮೊದಲು ಬಂದವನು ನಾಗೇಶಣ್ಣ. ಪೇಟೆಯಿಂದ ಸೈಕಲ್ ತುಳಿದು ಬಂದು, ಬೆವರುತ್ತ ಅಂಗಳದಲ್ಲಿ ನಿಂತು, "ಅಕ್ಕಾ, ಕುಡಿಯೂಕೆ ನೀರು ಕೊಡಿ" ಎಂದ. ಆಯಿ ಕೊಟ್ಟಳು. ಎಲ್ಲರಿಗೂ ಕಾಣುವ ಹಾಗೆ ಕುಡಿದ. ಅವನ ಹಿಂದೆ ಶಾಂತಕ್ಕ ಬಂದಳು, ಗುಮಟೆಯವರು ಬಂದರು, ಸಭೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ಆ ಇಬ್ಬರೂ ಬಂದರು. ಬಾಯಾರಿಕೆಯೇ ಇಲ್ಲದ ಜನ ನಮ್ಮ ಬಾವಿಯ ನೀರು ಕೇಳಿ ಕೇಳಿ ಕುಡಿದರು. ಸೋಗಿಗಿಂತ ಹೆಚ್ಚು ಆ ನೀರೇ ನನ್ನನ್ನು ನಾಚಿಸಿತು. ಅಡುಗೆಮನೆಯ ಕತ್ತಲಲ್ಲಿ ಕೊಡ ತುಂಬಿ ಕೊಡುತ್ತ ನಾನು ಯಾರ ಮುಖವನ್ನೂ ನೋಡಲಿಲ್ಲ. ಆಮೇಲೆ ನಾಗೇಶಣ್ಣ ಶಾಂತಕ್ಕನ ಮನೆಗೆ ಹೋಗಿ ಅಲ್ಲಿದ್ದ ಅಜ್ಜನ ಕಾಲು ಹಿಡಿದು, "ಎಲ್ಲರೂ ಕುಡಿದಾಯ್ತು ಅಜ್ಜಾ, ತೀರ್ಪು ಮುರೀತು, ಮನೆಗೆ ಬನ್ನಿ" ಎಂದ.

"ಊರು ಕುಡೀಲಿ" ಎಂದ ಅಜ್ಜ. "ತೀರ್ಪು ಹೇಳ್ದವ ನಾನೇ ಅಲ್ಲನೋ?"

ಹಾಗೆಂದು ಅವನು ಮನೆ ಬಿಡಲಿಲ್ಲ. ಮಲಗುವುದು ನಮ್ಮ ಜಗಲಿಯಲ್ಲೇ. ಉಣ್ಣುವುದು, ಕುಡಿಯುವುದು ಶಾಂತಕ್ಕನಲ್ಲಿ. ಆಯಿ ಅವಳ ಒಲೆಯ ಮುಂದೆ ಕೂತು, ಅವಳ ಬಾವಿಯ ನೀರಿನಲ್ಲಿ ಮಾವನಿಗೆ ಗಂಜಿ ಬೇಯಿಸುತ್ತಿದ್ದಳು. ಅಪ್ಪನ ಜತೆ ಅಜ್ಜ ಮಾತು ಬಿಟ್ಟಿರಲಿಲ್ಲ. ಗಾಳಿ ಯಾವ ಕಡೆ, ಮೀನು ಯಾವುದು ಬಿತ್ತು ಎಂದೆಲ್ಲ ಕೇಳುತ್ತಿದ್ದ. ಬೈದಿದ್ದರೆ ಅಪ್ಪ ತಡೆದುಕೊಳ್ಳುತ್ತಿದ್ದನೇನೋ. ಮಳೆಗೆ ಮುಂಚೆ ಅಪ್ಪ ಅದೇ ಕಚೇರಿಗೆ ಹೋಗಿ, ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಎಂದ. ಈ ಸಲ ಕುರ್ಚಿ ಕೊಡಲಿಲ್ಲ. "ಆದದ್ದು ಆಗಿಹೋಯ್ತಂತೆ" ಎಂದು ಸಂಜೆ ಬಂದು ಆಯಿಗೆ ಹೇಳಿದ. ಶಾಲೆ ಶುರುವಾದಾಗ ನನ್ನ ಹೆಸರು ಕುರ್ಚಿ ಎಂದಾಗಿತ್ತು. ನಾನು ಬೆಂಚಿನ ಮೇಲೆ ಕೂತರೂ ನಗುತ್ತಿದ್ದರು.

ಅಜ್ಜ ಹೋದದ್ದು ಮುಂದಿನ ವರ್ಷದ ಮಳೆಗಾಲದಲ್ಲಿ, ಒಂದು ಬೆಳಿಗ್ಗೆ, ನಮ್ಮ ಜಗಲಿಯ ಮೇಲೆ. ಉಸಿರು ಏರುತ್ತಿತ್ತು, ತುಟಿ ಒಣಗಿತ್ತು. ಕೊನೆಯ ನೀರು ಮಗನೇ ಬಿಡಬೇಕು. ನಮ್ಮ ಬಾವಿ ಮೆಟ್ಟಿಲ ಕೆಳಗೇ ತುಂಬಿ ನಿಂತಿತ್ತು. ಅಪ್ಪ ತಂಬಿಗೆ ಹಿಡಿದು ಸುರಿಯುವ ಮಳೆಯಲ್ಲಿ ಕುಂಟುತ್ತ ಶಾಂತಕ್ಕನ ಮನೆಗೆ ಓಡಿದ. ನೆನೆದು ಬಂದು, ತಂಬಿಗೆಯ ಬಾಯಿಯನ್ನು ಅಂಗೈಯಿಂದ ಮುಚ್ಚಿಕೊಂಡು, ಅಜ್ಜನ ತಲೆಯ ಹತ್ತಿರ ಕೂತ. ಅಜ್ಜ ಕೇಳಿದನೋ ಇಲ್ಲವೋ, ಅಪ್ಪ ತಾನೇ ಹೇಳಿದ, "ಶಾಂತಕ್ಕನ ಮನೇದು ಅಪ್ಪಾ." ಅಜ್ಜ ಬಾಯಿ ತೆರೆದ. ಅಪ್ಪ ಬಿಟ್ಟ ನೀರು ಗಂಟಲಲ್ಲಿ ಇಳಿದದ್ದನ್ನು ನಾವೆಲ್ಲ ನೋಡಿದೆವು.

ಆಮೇಲೆ ನಮ್ಮ ಅಂಗಳದಲ್ಲಿ ಚಪ್ಪರ ಏಳಲಿಲ್ಲ. ನಾಗೇಶಣ್ಣ ಮತ್ತೆ ವೇಷ ಹಾಕಲಿಲ್ಲ. ಜೆಟ್ಟಿಯ ರಸ್ತೆ ಬಂತು, ಕೇರಿ ಚದುರಿತು. ಅಪ್ಪನ ಒಂದು ಮಾತಿನಿಂದ ಬಂದದ್ದಲ್ಲ, ಬರುವುದು ಹೇಗೂ ಬರುತ್ತಿತ್ತು ಎಂದು ಸಮಾಧಾನ ಹೇಳುವವರಿದ್ದಾರೆ. ಇರಬಹುದು. ಆದರೆ ಆ ಮಾತು ನಮ್ಮ ಮನೆಯಿಂದ ಹೋದದ್ದು. ಈಗ ಕಾರವಾರದಲ್ಲಿ ಬೇಸಗೆಗೆ ದೊಡ್ಡ ವೇದಿಕೆ ಹಾಕಿ ಹಾಡು, ಕವಿತೆ, ಹಾಸ್ಯ ಎಲ್ಲ ನಡೆಸುತ್ತಾರೆ, ನಾನೂ ಒಮ್ಮೆ ಹೋಗಿದ್ದೆ. ದೂರದ ದೊಡ್ಡವರನ್ನು ಕಂಡು ನಗುತ್ತಾರೆ. ಮುಂದಿನ ಸಾಲಿನಲ್ಲಿ ಕೂತವರನ್ನು ಕಂಡು ಯಾರೂ ನಗುವುದಿಲ್ಲ. ಕವಿಗಳು ಉಸಿರು ತೆಗೆದುಕೊಳ್ಳಲು ನಿಂತಾಗ ಸಭೆ ಸುಮ್ಮನಿರುತ್ತದೆ.

ಆಯಿ ಹೋದ ಮೇಲೆ ಅಪ್ಪ ನನ್ನ ಜತೆ ಕಾರವಾರದಲ್ಲಿದ್ದಾನೆ. ವರ್ಷಕ್ಕೊಮ್ಮೆ ಶಾಂತಕ್ಕನನ್ನು ನೋಡಲು ಇಬ್ಬರೂ ಹೋಗುತ್ತೇವೆ. ಅವಳ ಹೊಸ ಮನೆಗೆ ಹೋಗುವ ಬಸ್ಸು ಆ ಹೊಸ ರಸ್ತೆಯಲ್ಲೇ ಸಾಗುತ್ತದೆ. ಡಾಂಬರು, ಕಲ್ಲಿನ ಕಟ್ಟೆ, ಲಾರಿಗಳು. ಬಾವಿ ಎಲ್ಲಿತ್ತು, ಜಗಲಿ ಎಲ್ಲಿತ್ತು ಎಂದು ನಾನು ಎಷ್ಟು ಕಣ್ಣು ಚೂಪು ಮಾಡಿದರೂ ಗುರುತು ಸಿಗುವುದಿಲ್ಲ. ಕಿಟಕಿಯ ಪಕ್ಕ ಕೂತ ಅಪ್ಪ ಒಂದು ಕಡೆ ಬಂದಾಗ ಮುಖವನ್ನು ಒಳಕ್ಕೆ ತಿರುಗಿಸಿಕೊಳ್ಳುತ್ತಾನೆ. ನಮ್ಮ ಅಂಗಳ ಅದೇ ಎಂದು ನಾನು ತಿಳಿದುಕೊಳ್ಳುತ್ತೇನೆ.