ದೊಡ್ಡ ಸೈಲ್ ಕಟ್ಟಿಕೊಟ್ಟ ಅಜ್ಜಿ

ಸ್ಯಾನ್ ಡಿಯೇಗೊದ ಮಿಷನ್ ಬೇ ಕೊಲ್ಲಿಯಲ್ಲಿ, ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಗಾಳಿಯ ಬಲದಿಂದ ಸಾಗುವ ವಿಂಡ್‌ಸರ್ಫಿಂಗ್ ಬೋರ್ಡ್ ಬಾಡಿಗೆಗೆ ಕೊಡುವ ಅಜ್ಜಿಯೊಬ್ಬರು ಪ್ರತಿ ಶನಿವಾರವೂ ನನಗೆ ಬಾಗಿಲಿನಷ್ಟು ಅಗಲದ ಬೋರ್ಡನ್ನೂ ಒಂದು ಪುಟ್ಟ ಸೈಲನ್ನೂ, ಅಂದರೆ ಹಾಯಿಯನ್ನೂ, ಕೊಡುತ್ತಿದ್ದರು. ಉಳಿದವರ ಸಣ್ಣ ಬೋರ್ಡುಗಳು ನೀರಿನಿಂದ ಮೇಲೆದ್ದು, ಹಾರಿದ ಹಾಗೆ ಜಾರಿಕೊಂಡು ಹೋಗುತ್ತಿದ್ದವು. ಅದಕ್ಕೆ ಪ್ಲೇನಿಂಗ್ ಅಂತಾರೆ. ನನ್ನದು ಮಾತ್ರ ಕೆರೆಗಿಳಿದ ಎಮ್ಮೆಯ ಹಾಗೆ ಸಾಗುತ್ತಿತ್ತು.

ಕೊನೆಗೊಂದು ದಿನ ಕೇಳಿಯೇಬಿಟ್ಟೆ, "ನನಗೂ ಆ ಸಣ್ಣ ಬೋರ್ಡ್ ಕೊಡಿ."

ಅವರು ವಾದ ಮಾಡದೆ ಕೊಟ್ಟರು. ಹತ್ತಿ ನಿಂತೆ. ಬೋರ್ಡ್ ನನ್ನನ್ನು ಹೊತ್ತುಕೊಂಡೇ ಮುಳುಗಿತು. ಅರ್ಧ ಗಂಟೆ ಒದ್ದಾಡಿ, ಅದನ್ನು ಎಳೆದುಕೊಂಡು ನಡೆದೇ ದಡಕ್ಕೆ ಬಂದೆ.

ಅಜ್ಜಿ ನಗಲಿಲ್ಲ. ಹಳೇ ಅಗಲದ ಬೋರ್ಡನ್ನೇ ತಂದು ಅದಕ್ಕೆ ದೊಡ್ಡ ಸೈಲ್ ಕಟ್ಟಿದರು. "ನಿನಗೆ ನಿಲ್ಲೋಕೆ ಬಂದಿದೆ. ಈಗ ಬೇಕಾಗಿರೋದು ದೊಡ್ಡ ಸೈಲಿನ ಎಳೆತ. ಬೋರ್ಡನ್ನ ಆಮೇಲೆ ಚಿಕ್ಕದು ಮಾಡೋಣ. ಗಾಳಿ ಜೋರಾಗಿ ಎಳೆದಾಗ ಕಾಲು ಹಿಂದಕ್ಕಿಡು" ಅಂದರು.

ಮಧ್ಯಾಹ್ನದ ಗಾಳಿ ಬಂತು. ಹೆದರುತ್ತಲೇ ಕಾಲು ಹಿಂದಕ್ಕಿಟ್ಟೆ. ಬೋರ್ಡ್ ಇದ್ದಕ್ಕಿದ್ದಂತೆ ಹಗುರಾಯಿತು, ಕೆಳಗೆ ನೀರು ಪಟಪಟ ಬಡಿಯತೊಡಗಿತು, ದಡದ ತಾಳೆಮರಗಳೆಲ್ಲ ಹಿಂದಕ್ಕೆ ಓಡಿದವು. ಹತ್ತು ಸೆಕೆಂಡ್ ಇರಬಹುದು. ಆಮೇಲೆ ಬಿದ್ದೆ.

ಬೀಳುವಾಗಲೂ ನಗುತ್ತಿದ್ದೆನಂತೆ, ಅಜ್ಜಿ ಹೇಳಿದರು. ನಿಜವಿರಬೇಕು, ಬಾಯಿ ಮುಚ್ಚಿಕೊಂಡು ಬಿದ್ದಿದ್ದರೆ ಅಷ್ಟೊಂದು ಉಪ್ಪುನೀರು ಹೊಟ್ಟೆಗೆ ಹೋಗುತ್ತಿರಲಿಲ್ಲ.